ಯಾವ ಕ್ಯಾನ್ಸರ್ ಅಂತ ಕೇಳಿದ್ರಾ?

ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು. ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಗಟ್ಟಿಯಾದ ಬಿಳಿ ಮೇಣ. ಮೇಣದೊಳಗೆ ದಾರದ ತುಂಡಿನಂಥ ಮೂರು ತೆಳು ಗೆರೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ನಂಬರ್. ಲ್ಯಾಬಿನವರು ಇದನ್ನು ಬ್ಲಾಕ್ ಅನ್ನುತ್ತಾರೆ. ಆ ಮೂರು ಗೆರೆಗಳು ನನ್ನ ಚಿಕ್ಕಮ್ಮನ ಎದೆಯ ಗಂಟಿನಿಂದ ಸೂಜಿ ಹಾಕಿ ತೆಗೆದವು.

2019ರ ಮಾತು. ಚಿಕ್ಕಮ್ಮನಿಗೆ ಆಗ 58 ವರ್ಷ. ಬಯಾಪ್ಸಿ ಮಾಡಿದ ಕಡೆ ಇಲ್ಲದ ಇನ್ನೊಂದು ಪರೀಕ್ಷೆ ಬೇಕಾಗಿತ್ತು. ಹಾಗಾಗಿ ಬ್ಲಾಕನ್ನು ನಾವೇ ಬೇರೆ ಲ್ಯಾಬಿಗೆ ಒಯ್ದು ಕೊಡಬೇಕಿತ್ತು. ಕೌಂಟರಿನಲ್ಲಿ ಮೊದಲು ನನ್ನ ಕೈಗಿಟ್ಟದ್ದು ಬೇರೆ ಯಾರದ್ದೋ ಬ್ಲಾಕ್. ಸಹಿ ಹಾಕುವ ಮುಂಚೆ ರಿಪೋರ್ಟಿನ ನಂಬರಿಗೆ ತಾಳೆ ನೋಡಿದೆ. ಕೊನೆಯ ಎರಡು ಅಂಕಿ ಹಿಂದುಮುಂದಾಗಿದ್ದವು. ಹೇಳಿದ ತಕ್ಷಣ ಬದಲಾಯಿಸಿ ಕೊಟ್ಟರು. ಆದರೆ ಹೊರಗೆ ಬಂದ ಮೇಲೂ ನನ್ನ ಕೈ ನಡುಗುತ್ತಿತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಕೆಲಸ ಬಿದ್ದರೆ, ದಯವಿಟ್ಟು ನಂಬರ್ ನೋಡಿಕೊಂಡೇ ತಗೊಳ್ಳಿ.

ಆ ದಿನ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಮುಂದಿನ ಚಿಕಿತ್ಸೆ ಏನು ಅನ್ನುವುದಕ್ಕೆಲ್ಲ ಉತ್ತರ ಆ ಮೇಣದೊಳಗಿತ್ತು.

ಚಿಕ್ಕಮ್ಮ ಗಂಟಿನ ವಿಷಯ ನಾಲ್ಕು ತಿಂಗಳು ಯಾರಿಗೂ ಹೇಳಿರಲಿಲ್ಲ. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತಂತೆ. ನೋವಿರಲಿಲ್ಲ. ನೋವಿಲ್ಲದ್ದಕ್ಕೇ ಸುಮ್ಮನಿದ್ದರಂತೆ. ಆದರೆ ಒಳಗೊಳಗೆ ಅವರಿಗೆ ಗೊತ್ತಿತ್ತು. ಆಮೇಲೊಂದು ದಿನ ನನಗೆ ಹೇಳಿದರು, "ಗೊತ್ತಾದ್ರೆ ಮುಗೀತು ಅಂತ ಅನ್ಕೊಂಡಿದ್ದೆ ಕಣೆ. ಗೊತ್ತಾಗೋದು ಎಷ್ಟು ತಡ ಆಗುತ್ತೋ ಅಷ್ಟು ಒಳ್ಳೇದು ಅಂತ."

ಈ ಮಾತನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಚಿಕ್ಕಮ್ಮ ಓದಿದವರು, ಧೈರ್ಯವಂತರು. ಆದರೂ ಅವರ ಮಟ್ಟಿಗೆ ಕ್ಯಾನ್ಸರ್ ಅಂದರೆ ಒಂದೇ ರೋಗ, ಅದಕ್ಕೆ ಒಂದೇ ಕೊನೆ. ಕಾಯಿಲೆಯ ಹೆಸರೇ ತೀರ್ಪು. ತೀರ್ಪನ್ನು ಬೇಗ ಕೇಳಲು ಯಾರಿಗೆ ಇಷ್ಟ?

ಡಾಕ್ಟರ ಮುಂದೆ ಕೂತಾಗ ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇನ್ನೆಷ್ಟು ದಿನ ಡಾಕ್ಟ್ರೇ?"

"ಅದಕ್ಕೆ ಮುಂಚೆ ಯಾವ ಕ್ಯಾನ್ಸರ್ ಅಂತ ನೋಡೋಣ ಅಮ್ಮ."

"ಎದೇದೇ ಅಲ್ವಾ?"

"ಎದೇದೇ. ಆದ್ರೆ ಎದೆಯಲ್ಲೂ ಒಂದೇ ಥರ ಇಲ್ಲ."

ಕಳೆದ ಅರವತ್ತು ವರ್ಷಗಳ ಕ್ಯಾನ್ಸರ್ ಸಂಶೋಧನೆ ಏನು ಸಾಧಿಸಿತು ಅಂತ ಯಾರಾದರೂ ಕೇಳಿದರೆ ನನಗೆ ಡಾಕ್ಟರ ಆ ಮಾತೇ ನೆನಪಾಗುತ್ತದೆ. ಕ್ಯಾನ್ಸರ್ ಅನ್ನುವ ಒಂದು ದೊಡ್ಡ ಭಯವನ್ನು ಒಡೆದು ನೂರಾರು ಬೇರೆ ಬೇರೆ ಕಾಯಿಲೆಗಳಾಗಿ ವಿಂಗಡಿಸಿದ್ದಾರೆ. ಒಂದೊಂದಕ್ಕೂ ಒಂದೊಂದು ಕಾರಣ, ಒಂದೊಂದು ದಾರಿ. ಕೆಲವಕ್ಕೆ ಲಸಿಕೆ ಇದೆ. ಕೆಲವಕ್ಕೆ ಮಾತ್ರೆ ಸಾಕು. ಕೆಲವನ್ನು ಕೆಣಕದೆ ಬಿಡುವುದೇ ಒಳ್ಳೆಯದು. ಕೆಲವು ಇವತ್ತಿಗೂ ಬಗ್ಗಿಲ್ಲ.

ಅವತ್ತು ರಾತ್ರಿ ಚಿಕ್ಕಮ್ಮನ ರಿಪೋರ್ಟ್ ಇಟ್ಟುಕೊಂಡು ಕೂತೆ. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ಎರಡು ಪ್ಲಸ್. ಪಾಸಿಟಿವ್ ಅಂದರೆ ಒಳ್ಳೆಯದಾ ಕೆಟ್ಟದ್ದಾ? ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ನಿಧಾನವಾಗಿ ಅರ್ಥ ಆಯಿತು. ಇಆರ್, ಪಿಆರ್ ಪಾಸಿಟಿವ್ ಅಂದರೆ ಆ ಗಡ್ಡೆಯ ಜೀವಕೋಶಗಳು ಹೆಣ್ಣಿನ ಹಾರ್ಮೋನುಗಳನ್ನು ಹಿಡಿದುಕೊಂಡು ಬೆಳೆಯುತ್ತವೆ ಎಂದು. ಹಾಗಾದರೆ ಆ ಹಾರ್ಮೋನ್ ಸಿಗದಂತೆ ಮಾಡಬಹುದು. ಅದಕ್ಕೆ ಮಾತ್ರೆಗಳಿವೆ. ಗಡ್ಡೆ ಏನನ್ನು ನೆಚ್ಚಿಕೊಂಡಿದೆಯೋ ಅಲ್ಲೇ ಅದನ್ನು ಹಿಡಿಯಬಹುದು.

ಹರ್-2 ಅನ್ನುವುದು ಜೀವಕೋಶದ ಮೈಮೇಲಿರುವ ಒಂದು ಪ್ರೋಟೀನ್. 'ಬೆಳೆ' ಅನ್ನುವ ಸಂದೇಶವನ್ನು ಒಳಗೆ ಮುಟ್ಟಿಸುವ ಕೆಲಸ ಅದರದ್ದು. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 15ರಿಂದ 20ರಲ್ಲಿ ಇದು ಮಿತಿಮೀರಿ ಇರುತ್ತದೆ. ಒಂದು ಕಾಲದಲ್ಲಿ ಹರ್-2 ಪಾಸಿಟಿವ್ ಅಂದರೆ ಎಲ್ಲಕ್ಕಿಂತ ಕೆಟ್ಟ ಸುದ್ದಿ. ಬೇಗ ಬೆಳೆಯುವ, ಬೇಗ ಹರಡುವ ಜಾತಿ ಅದು. ಅಮೆರಿಕದ ಡೆನ್ನಿಸ್ ಸ್ಲಾಮನ್ ಅವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಆ ಪ್ರೋಟೀನನ್ನೇ ಹೋಗಿ ಹಿಡಿಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಕ್ಕೆ 1998ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಸರ್ಜರಿ ಆದ ಮೇಲೆ ಕೀಮೋ ಜೊತೆ ಇದನ್ನೂ ಕೊಟ್ಟರೆ ಕಾಯಿಲೆ ಮರಳುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ ಎಂದು 2005ರಲ್ಲಿ ತೋರಿತು. ಹೆಸರು ಅದೇ, ರಿಪೋರ್ಟಿನ ಸಾಲೂ ಅದೇ. ಅದನ್ನು ಓದುವವರ ಮುಖ ಮಾತ್ರ ಬದಲಾಯಿತು. 'ಪಾಸಿಟಿವ್ ಅಂತೆ' ಅಂತ ಅಳುತ್ತಿದ್ದ ಕಡೆ 'ಪಾಸಿಟಿವ್ ಅಂದ್ರೆ ಔಷಧ ಇದೆ' ಅಂತ ಹೇಳುವ ಹಾಗಾಯಿತು.

ಎರಡು ಪ್ಲಸ್ ಅಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇದೆ ಅನ್ನುವಂತೆಯೂ ಇಲ್ಲ, ಇಲ್ಲ ಅನ್ನುವಂತೆಯೂ ಇಲ್ಲ. ಅದಕ್ಕೇ ಫಿಶ್ ಅನ್ನುವ ಇನ್ನೊಂದು ಪರೀಕ್ಷೆ. ಅದಕ್ಕೇ ನನ್ನ ಆ ಪ್ರಯಾಣ. ಆ ಲ್ಯಾಬಿನಲ್ಲಿ ಒಬ್ಬ ತಂತ್ರಜ್ಞೆ ಕಂಪ್ಯೂಟರ್ ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಕಡು ಕಪ್ಪು ಹಿನ್ನೆಲೆ, ಅದರಲ್ಲಿ ನೀಲಿ ಉಂಡೆಗಳು, ಉಂಡೆಯೊಳಗೆ ಹೊಳೆಯುವ ಕೆಂಪು ಚುಕ್ಕೆ, ಹಸಿರು ಚುಕ್ಕೆ. ಕೆಂಪು ಚುಕ್ಕೆ ಹರ್-2 ಜೀನ್, ಹಸಿರು ಚುಕ್ಕೆ ಆ ಜೀನ್ ಇರುವ 17ನೇ ಕ್ರೋಮೋಸೋಮ್. ಒಂದೊಂದು ಕೋಶದಲ್ಲೂ ಎರಡನ್ನೂ ಎಣಿಸಬೇಕು. ಹಸಿರಿಗಿಂತ ಕೆಂಪು ಎರಡು ಪಟ್ಟಾದರೆ ಸಾಮಾನ್ಯವಾಗಿ ಪಾಸಿಟಿವ್. "ಮಷೀನ್ ಎಣಿಸುತ್ತಾ?" ಅಂತ ಕೇಳಿದೆ. "ನಾವೇ ಎಣಿಸ್ತೀವಿ" ಅಂದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಕ್ಯಾನ್ಸರ್ ಸಂಶೋಧನೆ ಅಂದಾಗ ನಮಗೆ ನೊಬೆಲ್ ಪಡೆದವರು ನೆನಪಾಗುತ್ತಾರೆ. ನನಗೆ ಇವರು ನೆನಪಾಗುತ್ತಾರೆ. ಕತ್ತಲ ಕೋಣೆಯಲ್ಲಿ ಕೂತು, ಮುಖ ನೋಡದ ಯಾರದ್ದೋ ಜೀವಕ್ಕಾಗಿ ಚುಕ್ಕೆ ಎಣಿಸುವವರು.

ಹತ್ತು ದಿನ ಕಾದೆವು. ಚಿಕ್ಕಮ್ಮನದು ನೆಗೆಟಿವ್ ಬಂತು.

ಸರ್ಜರಿಯ ವಿಷಯ ಬಂದಾಗ ಚಿಕ್ಕಮ್ಮ, "ಪೂರ್ತಿ ತೆಗೆದುಬಿಡಿ, ಏನೂ ಉಳಿಸ್ಬೇಡಿ" ಅಂದರು. ಹೆಚ್ಚು ತೆಗೆದರೆ ಹೆಚ್ಚು ಸುರಕ್ಷಿತ ಅಂತ ನಮಗೆಲ್ಲ ಅನ್ನಿಸುತ್ತದೆ, ಅಲ್ವಾ? ಸರ್ಜನ್ನರಿಗೂ ಎಂಟು ದಶಕ ಹಾಗೇ ಅನ್ನಿಸಿತ್ತು. 19ನೇ ಶತಮಾನದ ಕೊನೆಗೆ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಸರ್ಜರಿಯಲ್ಲಿ ಸ್ತನದ ಜೊತೆ ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲ ಹೋಗುತ್ತಿದ್ದವು. ಹೆಂಗಸರು ಬದುಕಿದರೂ ಗುಳಿಬಿದ್ದ ಎದೆ, ಊದಿದ ತೋಳು ಹೊತ್ತುಕೊಂಡು ಬದುಕುತ್ತಿದ್ದರು. ಇದು ಬೇಕೇ ಬೇಕಾ ಅಂತ ಪರೀಕ್ಷೆ ಮಾಡಿ ನೋಡಿದವರು ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೋ ವೆರೋನೇಸಿ. ಗಂಟನ್ನು, ಅದರ ಸುತ್ತಲಿನ ಭಾಗವನ್ನು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೆ ಬದುಕುಳಿಯುವವರ ಪ್ರಮಾಣ ಅಷ್ಟೇ ಇರುತ್ತದೆ ಎಂದು ಇಬ್ಬರೂ ತೋರಿಸಿದರು. ಇಬ್ಬರ ಅಧ್ಯಯನಗಳ 20 ವರ್ಷಗಳ ಲೆಕ್ಕವೂ 2002ರಲ್ಲಿ ಪ್ರಕಟವಾಯಿತು. ಮಾತು ಬದಲಾಗಲಿಲ್ಲ.

ಇದನ್ನೆಲ್ಲ ಸರ್ಜನ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ಚಿಕ್ಕಮ್ಮನಿಗೆ ತಿಳಿಸಿ ಹೇಳಿದರು. ಅವರು ಒಪ್ಪಿದರು.

ಸರ್ಜರಿಯಾದ ಮಾರನೇ ದಿನ ಬೆಳಿಗ್ಗೆ ಚಿಕ್ಕಮ್ಮ ಗಾಬರಿಯಿಂದ ಕರೆದರು. ಮೂತ್ರ ನೀಲಿ-ಹಸಿರು ಬಣ್ಣ. ನನಗೂ ಎದೆ ಧಸಕ್ಕೆಂದಿತು. ನರ್ಸ್ ಬಂದು ನಕ್ಕು, "ಏನಿಲ್ಲಮ್ಮ, ನಿನ್ನೆ ಹಾಕಿದ ಬಣ್ಣ" ಅಂದರು. ಗಂಟಿನ ಹತ್ತಿರ ನೀಲಿ ಬಣ್ಣ ಚುಚ್ಚುತ್ತಾರೆ. ಅದು ಹರಿದುಕೊಂಡು ಕಂಕುಳಿನಲ್ಲಿ ಮೊದಲು ಯಾವ ಗ್ರಂಥಿಗೆ ಸೇರುತ್ತದೋ ಅದನ್ನು ತೆಗೆದು ನೋಡುತ್ತಾರೆ. ಕ್ಯಾನ್ಸರ್ ಹೊರಟಿದ್ದರೆ ಅದೂ ಮೊದಲು ಅಲ್ಲಿಗೇ ಬಂದಿರಬೇಕು. ಆ ಕಾವಲು ಗ್ರಂಥಿ ಚೊಕ್ಕಟವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ತೋಳು ಊದುವ ಕಷ್ಟವೂ ಬಹಳ ಕಡಿಮೆ. ಚಿಕ್ಕಮ್ಮನ ಕಂಕುಳಿನಲ್ಲಿ ಬಣ್ಣ ಹೋಗಿ ನಿಂತದ್ದು ಎರಡೇ ಗ್ರಂಥಿಗಳಲ್ಲಿ. ಎರಡೂ ಚೊಕ್ಕಟವಾಗಿದ್ದವು.

ಕೀಮೋ ಬೇಕಾಗಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಎಷ್ಟೋ ಜನ 'ಕೀಮೋ ಕೊಡಲಿಲ್ಲವಾ? ಹಾಗಾದ್ರೆ ಡಾಕ್ಟ್ರು ಕೈಬಿಟ್ಟರಾ?' ಅಂತ ಕೇಳಿದರು. ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್, ಗ್ರಂಥಿಗೆ ಹರಡದ ಗಡ್ಡೆಗಳಲ್ಲಿ 21 ಜೀನುಗಳ ಚಟುವಟಿಕೆ ಅಳೆದು ಒಂದು ಅಂಕ ಕೊಡುವ ಪರೀಕ್ಷೆ ಇದೆ. ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದ್ದ ಒಂದು ದೊಡ್ಡ ಅಧ್ಯಯನ 2018ರಲ್ಲಿ ಹೊರಬಂತು. ಅಂಕ ನಡುಮಟ್ಟದಲ್ಲಿದ್ದವರಲ್ಲಿ ಅರ್ಧ ಜನರಿಗೆ ಹಾರ್ಮೋನ್ ತಡೆಯುವ ಮಾತ್ರೆ ಮಾತ್ರ, ಇನ್ನರ್ಧ ಜನರಿಗೆ ಮಾತ್ರೆಯ ಜೊತೆ ಕೀಮೋ. ಒಟ್ಟಾರೆ ನೋಡಿದರೆ ಫಲಿತಾಂಶ ಒಂದೇ. 50ಕ್ಕಿಂತ ಚಿಕ್ಕ ವಯಸ್ಸಿನ ಕೆಲವರಿಗೆ ಮಾತ್ರ ಕೀಮೋದಿಂದ ಸ್ವಲ್ಪ ಲಾಭ ಕಂಡಿತು. ಅಂದರೆ ಅಲ್ಲಿಯವರೆಗೆ ಎಷ್ಟು ಸಾವಿರ ಹೆಂಗಸರು ಬೇಡದ ಕೀಮೋ ತಗೊಂಡು ಕೂದಲು ಕಳೆದುಕೊಂಡು, ವಾಂತಿ ಮಾಡಿಕೊಂಡು ಸುಸ್ತಾಗಿರಬೇಡ! ಹೊಸ ಔಷಧ ಬಂದರೆ ಪೇಪರಿನಲ್ಲಿ ದೊಡ್ಡದಾಗಿ ಬರುತ್ತದೆ. ಬೇಡದ ಔಷಧ ಬಿಟ್ಟರೆ ಸುದ್ದಿಯಾಗುವುದು ಕಮ್ಮಿ. ನನ್ನ ಕಣ್ಣಿಗೆ ಎರಡೂ ಅಷ್ಟೇ ದೊಡ್ಡ ಮುನ್ನಡೆ. ಚಿಕ್ಕಮ್ಮನ ಅಂಕ ಆ ನಡುಮಟ್ಟದಲ್ಲಿತ್ತು. 2018ಕ್ಕೆ ಮುಂಚೆ ಆಗಿದ್ದರೆ ಅವರಿಗೂ ಕೀಮೋ ಬರೆದುಕೊಡುತ್ತಿದ್ದರೋ ಏನೋ.

ರೇಡಿಯೇಷನ್ ಮುಗಿಯಿತು. ಹಾರ್ಮೋನ್ ತಡೆಯುವ ಲೆಟ್ರೋಜೋಲ್ ಮಾತ್ರೆ, ದಿನಕ್ಕೊಂದು, ಶುರುವಾಯಿತು. ಐದು ವರ್ಷ. ಕೀಲುನೋವು ಬಂತು, ಅದು ಸುಳ್ಳಲ್ಲ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಟ್ಟುಬಿಡುತ್ತೇನೆ ಅಂತ ಎರಡು ಸಲ ಹಟ ಹಿಡಿದರು. ಡಾಕ್ಟರು ಮಾತ್ರೆಯ ಕಂಪನಿ ಬದಲಾಯಿಸಿದರು, ದಿನಾ ನಡೆಯಲು ಹೇಳಿದರು, ಮೂಳೆಯ ಸಾಂದ್ರತೆ ಅಳೆಸಿದರು. ಹೇಗೋ ಸಾಗಿತು.

ಆ ದಿನಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಬೇರೆ ಬೇರೆ ಜನರ ಪರಿಚಯವಾಯಿತು. ಒಬ್ಬರು ರಕ್ತದ ಕ್ಯಾನ್ಸರಿಗೆ ಹದಿನೈದು ವರ್ಷದಿಂದ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನಾನು ನಂಬಲಿಲ್ಲ. ಆಮೇಲೆ ಓದಿದೆ. ಸಿಎಂಎಲ್ ಅನ್ನುವ ಬಗೆಯ ರಕ್ತದ ಕ್ಯಾನ್ಸರ್ ಇರುವವರಲ್ಲಿ ಒಂದು ಕ್ರೋಮೋಸೋಮ್ ವಿಚಿತ್ರವಾಗಿ ಚಿಕ್ಕದಾಗಿರುತ್ತದೆ ಎಂದು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಗುರುತಿಸಿದ್ದರು. ಉಳಿದ ತುಂಡು ಎಲ್ಲಿ ಹೋಯಿತು? 1973ರಲ್ಲಿ ಜಾನೆಟ್ ರೌಲಿ ಉತ್ತರ ಕಂಡುಕೊಂಡರು. ಕ್ರೋಮೋಸೋಮುಗಳ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಜೋಡಿಸಿ ನೋಡುತ್ತಿದ್ದರಂತೆ. 9ನೆಯದರ ತುದಿ 22ನೆಯದಕ್ಕೆ, 22ನೆಯದರ ತುದಿ 9ನೆಯದಕ್ಕೆ ಅಂಟಿಕೊಂಡಿತ್ತು. ಹಾಗೆ ಅಂಟಿದ ಜಾಗದಲ್ಲಿ ಒಂದು ತಪ್ಪು ಜೀನ್ ಹುಟ್ಟಿ, ಬಿಳಿ ರಕ್ತಕಣಗಳನ್ನು ನಿಲ್ಲಿಸದೆ ಬೆಳೆಸುತ್ತದೆ. ಆ ಒಂದೇ ತಪ್ಪನ್ನು ತಡೆಯುವ ಮಾತ್ರೆ ಇಮ್ಯಾಟಿನಿಬ್. ಬ್ರಯಾನ್ ಡ್ರುಕರ್ ಅವರ ಮೊದಲ ಪರೀಕ್ಷೆಯಲ್ಲಿ ಸಾಕಷ್ಟು ಪ್ರಮಾಣದ ಮಾತ್ರೆ ಪಡೆದ 54 ಜನರಲ್ಲಿ 53 ಜನರ ರಕ್ತಕಣಗಳ ಲೆಕ್ಕ ಸರಿಹೋಯಿತು. 2001ರಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಈ ಕಾಯಿಲೆಯವರಲ್ಲಿ ಬಹಳಷ್ಟು ಜನರ ಆಯಸ್ಸು ಹೆಚ್ಚುಕಮ್ಮಿ ಎಲ್ಲರಷ್ಟೇ. ಚಿಕ್ಕ ಕ್ರೋಮೋಸೋಮ್ ಕಂಡಾಗಿನಿಂದ ಮಾತ್ರೆ ಬರುವವರೆಗೆ 41 ವರ್ಷ. ನಡುವೆ ಎಷ್ಟು ಮನೆಗಳು ಕಾದಿರಬಹುದು.

ಇನ್ನೂ ಮುಂದೆ ಹೋಗಿ, ಅಂಗದ ಹೆಸರನ್ನೇ ಬಿಟ್ಟ ಕತೆಯೂ ಇದೆ. ನಮ್ಮ ಜೀವಕೋಶಗಳು ಡಿಎನ್‌ಎ ನಕಲು ಮಾಡುವಾಗ ತಪ್ಪಾಗುತ್ತದೆ. ತಿದ್ದುವ ವ್ಯವಸ್ಥೆಯೂ ಒಳಗೇ ಇದೆ. ಕೆಲವು ಕ್ಯಾನ್ಸರುಗಳಲ್ಲಿ ಆ ತಿದ್ದುವ ಕೆಲಸವೇ ಕೆಟ್ಟಿರುತ್ತದೆ. ತಪ್ಪುಗಳು ರಾಶಿ ಬೀಳುತ್ತವೆ. ಹಾಗಾಗಿ ಅವು ದೇಹದ ರಕ್ಷಣಾ ಪಡೆಗೆ ಸುಲಭವಾಗಿ ಕಾಣುವಂಥವು. ಆದರೆ ಗಡ್ಡೆ ಆ ಪಡೆಗೆ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಇಂಥ ಬ್ರೇಕ್‌ಗಳನ್ನು ಸಡಿಲಿಸಬಹುದು ಎಂದು ತೋರಿಸಿದ್ದಕ್ಕೆ ಜೇಮ್ಸ್ ಆ್ಯಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇಂಥ ಒಂದು ಔಷಧಕ್ಕೆ ಮೊದಲ ಸಲ ಬೇರೆಯೇ ರೀತಿಯ ಒಪ್ಪಿಗೆ ಕೊಟ್ಟರು. ಗಡ್ಡೆ ಕರುಳಿನದೋ ಗರ್ಭಕೋಶದ್ದೋ ಜಠರದ್ದೋ, ಯಾವುದಾದರೂ ಆಗಲಿ, ತಿದ್ದುವ ವ್ಯವಸ್ಥೆ ಕೆಟ್ಟಿದ್ದರೆ ಸಾಕು. 2022ರಲ್ಲಿ ನ್ಯೂಯಾರ್ಕಿನಿಂದ ಇನ್ನೊಂದು ಸುದ್ದಿ ಬಂತು. ಇದೇ ದೋಷವಿದ್ದ ಗುದನಾಳದ ಕ್ಯಾನ್ಸರಿನ ಮೊದಲ 12 ಜನರಿಗೆ ಇಂಥದ್ದೇ ಬ್ರೇಕ್ ಸಡಿಲಿಸುವ ಡೋಸ್ಟಾರ್ಲಿಮ್ಯಾಬ್ ಕೊಟ್ಟು ನೋಡಿದಾಗ 12 ಜನರಲ್ಲೂ ಗಡ್ಡೆ ಕಾಣದಾಯಿತು. ಸರ್ಜರಿ ಇಲ್ಲ, ರೇಡಿಯೇಷನ್ ಇಲ್ಲ.

ಆ ಸುದ್ದಿ ಬಂದ ವಾರ ಎಲ್ಲರ ಮೊಬೈಲಿನಲ್ಲೂ 'ಕ್ಯಾನ್ಸರಿಗೆ ಔಷಧ ಸಿಕ್ಕಿತು' ಅಂತ ಓಡಾಡಿತು. ನನಗೆ ಹೊಟ್ಟೆ ಉರಿಯಿತು. ಗುದನಾಳದ ಕ್ಯಾನ್ಸರುಗಳಲ್ಲಿ ಆ ದೋಷ ಇರುವುದು ನೂರಕ್ಕೆ ಐದರಿಂದ ಹತ್ತರಲ್ಲಿ. ಉಳಿದವರ ಮನೆಯಲ್ಲಿ ಆ ಮೆಸೇಜ್ ಎಂಥ ಆಸೆ ಹುಟ್ಟಿಸಿ ಎಂಥ ನಿರಾಸೆ ಮಾಡಿರಬಹುದು! ಹೀಗೆ ರಕ್ಷಣಾ ಪಡೆಯನ್ನು ಎಬ್ಬಿಸುವ ಇಮ್ಯೂನೋಥೆರಪಿ ಕೆಲವರಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಇನ್ನೆಷ್ಟೋ ಜನರಲ್ಲಿ ಏನೂ ಮಾಡುವುದಿಲ್ಲ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿನ ಮುಂದೆ ಇನ್ನೂ ದಾರಿ ಬಹಳ ದೂರ ಇದೆ. ಇದನ್ನೂ ಹೇಳಲೇಬೇಕು.

ಈಗ ಬರದಂತೆ ತಡೆಯುವ ಮಾತು. ತಂಬಾಕಿನ ಬಗ್ಗೆ ನಾನು ಹೊಸದಾಗಿ ಹೇಳುವುದೇನಿಲ್ಲ. 1950ರಲ್ಲೇ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನಲ್ಲಿ ಸೇದುವುದಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟಿನ ಲೆಕ್ಕ ಕೊಟ್ಟಿದ್ದರು. ಕ್ಯಾನ್ಸರುಗಳಲ್ಲಿ ನೂರಕ್ಕೆ 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ತಂಬಾಕು ಬಿಡುವುದೇ ಮೊದಲನೆಯದು. ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರನ್ನು ತಡೆಯುತ್ತದೆ. ತೈವಾನ್ 1984ರಲ್ಲೇ ಹಸುಗೂಸುಗಳಿಗೆ ಕೊಡಲು ಶುರು ಮಾಡಿ, ಮುಂದೆ ಮಕ್ಕಳಲ್ಲಿ ಆ ಕ್ಯಾನ್ಸರ್ ಇಳಿದದ್ದನ್ನು ಕಣ್ಣಾರೆ ಕಂಡಿತು.

ನನ್ನ ಮನಸ್ಸು ನಿಲ್ಲುವುದು ಗರ್ಭಕಂಠದ ಕ್ಯಾನ್ಸರಿನ ಹತ್ತಿರ. 2022ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರು ಇದರಿಂದ ಸತ್ತರು. ಇದಕ್ಕೆ ಕಾರಣ ಗೊತ್ತು, ಲಸಿಕೆ ಇದೆ, ಬಹಳ ಮುಂಚೆಯೇ ಕಂಡುಹಿಡಿಯುವ ಪರೀಕ್ಷೆ ಇದೆ. ಆದರೂ ಮೂರೂವರೆ ಲಕ್ಷ. ಇದನ್ನು ಬರೆಯುವಾಗ ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

1970ರ ದಶಕದಲ್ಲಿ ಈ ಕ್ಯಾನ್ಸರಿಗೆ ಹರ್ಪಿಸ್ ವೈರಸ್ ಕಾರಣ ಎಂದು ಬಹಳ ಜನ ನಂಬಿದ್ದರು. ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಒಪ್ಪಲಿಲ್ಲ. ನರುಳ್ಳೆ ತರುವ ವೈರಸ್ಸಿನ ಬಳಗ ಇರಬೇಕು ಎಂದು ಹುಡುಕುತ್ತಲೇ ಹೋದರು. 1983ರಲ್ಲಿ ಆ ಬಳಗದ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ಸಿಕ್ಕವು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಈ ಎರಡೇ ಕಾರಣ. 2008ರಲ್ಲಿ ಅವರಿಗೆ ನೊಬೆಲ್. ಅಷ್ಟರಲ್ಲಿ ಲಸಿಕೆಯೂ ಬಂದಿತ್ತು, 2006ರಲ್ಲಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಜೌ ಮಾಡಿದ ಕೆಲಸ ಇದಕ್ಕೆ ಬುನಾದಿ. ಲಸಿಕೆಯಲ್ಲಿರುವುದು ವೈರಸ್ಸಿನ ಖಾಲಿ ಚಿಪ್ಪು ಮಾತ್ರ. ಒಳಗೆ ಡಿಎನ್‌ಎ ಇಲ್ಲ. ಸೋಂಕು ತರಲು ಅದಕ್ಕೆ ಸಾಧ್ಯವೇ ಇಲ್ಲ. ಜೌ 1999ರಲ್ಲೇ ತೀರಿಕೊಂಡರು. ಲಸಿಕೆ ಬಂದದ್ದನ್ನು ನೋಡಲಿಲ್ಲ.

ಆಮೇಲೆ ಆದದ್ದನ್ನು ಅಂಕಿಗಳೇ ಹೇಳುತ್ತವೆ. ಸ್ವೀಡನ್ನಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹುಡುಗಿಯರ, ಹೆಂಗಸರ ದಾಖಲೆ ನೋಡಿದರು. 17 ವರ್ಷಕ್ಕೆ ಮುಂಚೆ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಮ್ಮಿ. ಇದು 2020ರ ವರದಿ. 2024ರಲ್ಲಿ ಸ್ಕಾಟ್‌ಲೆಂಡಿನವರು ತಮ್ಮ ಲೆಕ್ಕ ಕೊಟ್ಟರು. 12-13ನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದವರಲ್ಲಿ ಒಂದೇ ಒಂದು ಕೇಸೂ ಇಲ್ಲ. ಸೊನ್ನೆ. ಆ ಸೊನ್ನೆಯನ್ನು ನಾನು ಎರಡು ಮೂರು ಸಲ ಓದಿದೆ.

ಲಸಿಕೆ ಸಿಗದ ವಯಸ್ಸಿನವರಿಗೆ ಪರೀಕ್ಷೆ ಇದೆ. ವೈರಸ್ ತಗುಲಿದ ಮೇಲೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ಅಷ್ಟು ಸಮಯ ನಮಗೆ ಸಿಗುತ್ತದೆ. ಗರ್ಭಕಂಠದ ಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ ಕಂಡುಹಿಡಿದ ಜಾರ್ಜ್ ಪಾಪನಿಕೊಲೌ ಅವರ ಹೆಂಡತಿ ಆಂಡ್ರೊಮಾಕಿ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟು ಗಂಡನ ಕೆಲಸಕ್ಕೆ ನೆರವಾದರು. ಅವರ ಹೆಸರು ಪರೀಕ್ಷೆಗೆ ಇಟ್ಟಿಲ್ಲ, ಆದರೆ ನನಗೆ ಅವರೇ ಹೆಚ್ಚು ನೆನಪಾಗುತ್ತಾರೆ. ಈಗ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಬಂದಿದೆ. ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು. ನಾಚಿಕೆಯಿಂದ ದೂರ ಉಳಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ನಾಲ್ಕು ತಿಂಗಳು ಗಂಟು ಮುಚ್ಚಿಟ್ಟವರ ಮನೆಯವಳಾಗಿ ನನಗೆ ಗೊತ್ತು. 2030ರೊಳಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವ ಮುಂಚೆ ಲಸಿಕೆ, 70 ಹೆಂಗಸರಿಗೆ 35ರ ಹೊತ್ತಿಗೆ ಒಮ್ಮೆ, 45ರ ಹೊತ್ತಿಗೆ ಇನ್ನೊಮ್ಮೆ ಪರೀಕ್ಷೆ, ಕಾಯಿಲೆ ಕಂಡವರಲ್ಲಿ 90 ಜನರಿಗೆ ಚಿಕಿತ್ಸೆ. ಇದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಂಡ ಗುರಿ.

ಇಷ್ಟೆಲ್ಲ ಹೇಳಿದ ಮೇಲೆ, 'ಹಾಗಾದ್ರೆ ಎಲ್ಲ ಟೆಸ್ಟೂ ಮಾಡಿಸಿಬಿಡೋಣ' ಅಂತ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಚಿಕ್ಕಮ್ಮನ ನಂತರ ನಾನು ಮನೆಯವರಿಗೆಲ್ಲ ತಲೆಯಿಂದ ಪಾದದವರೆಗೆ ಸ್ಕ್ಯಾನ್ ಮಾಡಿಸಲು ಹೊರಟಿದ್ದೆ. ತಡೆದವರು ಅದೇ ಡಾಕ್ಟರು. ದಕ್ಷಿಣ ಕೊರಿಯಾದ ಕತೆ ಹೇಳಿದರು. ಅಲ್ಲಿ ಬೇರೆ ಕ್ಯಾನ್ಸರುಗಳ ತಪಾಸಣೆಯ ಜೊತೆಗೆ ಥೈರಾಯ್ಡ್ ಸ್ಕ್ಯಾನನ್ನೂ ಮಾಡಿಸಿಕೊಳ್ಳುವುದು ರೂಢಿಯಾಯಿತು. 1993ರಿಂದ 2011ರ ನಡುವೆ ಪತ್ತೆಯಾಗುವ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟು ಏರಿತು. ಸಾವಿನ ಸಂಖ್ಯೆ ಮಾತ್ರ ಅಲ್ಲೇ ನಿಂತಿತ್ತು. ಅಂದರೆ ಸಿಕ್ಕವುಗಳಲ್ಲಿ ಬಹುಪಾಲು ಯಾರನ್ನೂ ಕೊಲ್ಲದಂಥವು. ಆದರೆ ಹೆಚ್ಚುಕಮ್ಮಿ ಎಲ್ಲರಿಗೂ ಸರ್ಜರಿ ಆಯಿತು. ಎಷ್ಟೋ ಜನರಿಗೆ ಜೀವನಪೂರ್ತಿ ಮಾತ್ರೆ, ಕೆಲವರಿಗೆ ಧ್ವನಿಪೆಟ್ಟಿಗೆಯ ನರಕ್ಕೆ ಪೆಟ್ಟು.

ಬೇಗ ಪತ್ತೆಯಾದವರು ಹೆಚ್ಚು ಕಾಲ ಬದುಕಿದರು ಅನ್ನುವ ಲೆಕ್ಕದಲ್ಲೂ ಒಂದು ಮೋಸ ಇರುತ್ತದೆ. ಒಬ್ಬರು 70ಕ್ಕೆ ಸಾಯುತ್ತಾರೆ ಅನ್ನಿ. ಕಾಯಿಲೆ 67ಕ್ಕೆ ಗೊತ್ತಾದರೆ ಮೂರು ವರ್ಷ ಬದುಕಿದರು ಅನ್ನುತ್ತೇವೆ. ಅದೇ ಕಾಯಿಲೆ 60ಕ್ಕೇ ಗೊತ್ತಾದರೆ ಹತ್ತು ವರ್ಷ. ಸತ್ತದ್ದು ಎರಡು ಸಲವೂ 70ಕ್ಕೇ. ಹೆಚ್ಚಿಗೆ ಸಿಕ್ಕಿದ್ದು ಏಳು ವರ್ಷದ ಚಿಂತೆ. ಹಾಗಾಗಿ ತಪಾಸಣೆಯಿಂದ ಸಾವು ಕಮ್ಮಿಯಾಯಿತಾ ಅಂತಲೇ ನೋಡಬೇಕು. ದೊಡ್ಡ ಕರುಳಿನಲ್ಲಿ ಆಗಿದೆ. ಅಲ್ಲಿ ಕ್ಯಾನ್ಸರ್ ಆಗುವ ಮುಂಚಿನ ಸಣ್ಣ ಗುಳ್ಳೆಗಳನ್ನು, ಅಂದರೆ ಪಾಲಿಪ್‌ಗಳನ್ನು ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಯಲ್ಲೇ ಕಿತ್ತು ಹಾಕಬಹುದು. ಬಹಳ ವರ್ಷ ಸೇದಿದವರಲ್ಲೂ ಆಗಿದೆ. 2011ರಲ್ಲಿ ಬಂದ 53,000 ಜನರ ಅಧ್ಯಯನದಲ್ಲಿ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ, ಎಕ್ಸ್-ರೇ ಮಾಡಿಸಿಕೊಂಡವರಿಗಿಂತ, ಶ್ವಾಸಕೋಶದ ಕ್ಯಾನ್ಸರಿನ ಸಾವು ನೂರಕ್ಕೆ 20ರಷ್ಟು ಕಮ್ಮಿ. ಇಲ್ಲೂ ಮತ್ತೆ ಅದೇ ಮಾತು. ಯಾವ ಕ್ಯಾನ್ಸರ್, ಯಾರಿಗೆ, ಯಾವ ವಯಸ್ಸಿಗೆ?

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮಕ್ಕಳ ಲೆಕ್ಕ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಔಷಧ ಕೊಟ್ಟು ಕಾಯಿಲೆಯನ್ನು ಕೆಲ ಕಾಲ ಹಿಮ್ಮೆಟ್ಟಿಸಿದ್ದರು. ಆಗ ಅದೇ ಪವಾಡ. ಇವತ್ತು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಗುಣವಾಗುತ್ತಾರೆ. ಹಲವು ಬಡ ದೇಶಗಳಲ್ಲಿ 30ಕ್ಕಿಂತ ಕಮ್ಮಿ. ಮಕ್ಕಳು ಅವೇ, ಕಾಯಿಲೆ ಅದೇ, ಔಷಧಗಳಲ್ಲಿ ಬಹುಪಾಲು ಹಳೆಯವೇ. ತಡವಾಗಿ ಪತ್ತೆಯಾಗುವುದು, ತಪ್ಪು ಪತ್ತೆ, ಔಷಧ ಸಿಗದಿರುವುದು, ಅರ್ಧಕ್ಕೆ ಚಿಕಿತ್ಸೆ ಬಿಡಬೇಕಾಗುವುದು. ಇದಕ್ಕೆ ಹೊಸ ಜೀನ್ ಕಂಡುಹಿಡಿಯಬೇಕಿಲ್ಲ.

2022ರ ಜೂನಿನಲ್ಲಿ ಇನ್ನೊಂದು ಸುದ್ದಿ ಓದಿದೆ. ಓದಿದವಳೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಲ್ಲಿಯವರೆಗೆ ಹರ್-2 ಇದೆ ಅಥವಾ ಇಲ್ಲ, ಎರಡೇ ಪಂಗಡ. ಟ್ರಾಸ್ಟುಜುಮ್ಯಾಬಿಗೆ ಕೀಮೋ ಔಷಧ ಅಂಟಿಸಿ ಮಾಡಿದ ಹೊಸ ಔಷಧವೊಂದನ್ನು, ಹರ್-2 ಸ್ವಲ್ಪವೇ ಇದ್ದ, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರಿನವರಿಗೆ ಕೊಟ್ಟು ನೋಡಿದ್ದರು. ಒಂದು ಪ್ಲಸ್ ಬಂದವರು, ಎರಡು ಪ್ಲಸ್ ಬಂದು ಫಿಶ್‌ನಲ್ಲಿ ನೆಗೆಟಿವ್ ಆದವರು. ಸಾಮಾನ್ಯ ಕೀಮೋ ಪಡೆದವರಿಗೆ ಹೋಲಿಸಿದರೆ ಕಾಯಿಲೆ ಮುಂದುವರಿಯದೆ ನಿಂತ ಸಮಯ ಹತ್ತಿರ ಹತ್ತಿರ ಎರಡು ಪಟ್ಟು. 'ಹರ್-2 ಲೋ' ಅನ್ನುವ ಹೊಸ ಹೆಸರು ಬಂತು. ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಹಳೆಯ ಬ್ಲಾಕುಗಳನ್ನು, ಸ್ಲೈಡುಗಳನ್ನು ಕಪಾಟಿನಿಂದ ತೆಗೆದು ಮತ್ತೆ ಓದಿದರು. ನೆಗೆಟಿವ್ ಅಂತ ಬರೆದಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಈ ಹೊಸ ಹೆಸರಿಗೆ ಸೇರಿದವು.

"ಅಂದ್ರೆ ನಂದು ಈಗ ಬೇರೆ ಕಾಯಿಲೆನಾ?" ಅಂತ ಚಿಕ್ಕಮ್ಮ ಕೇಳಿದರು.

"ಕಾಯಿಲೆ ಅದೇ ಚಿಕ್ಕಮ್ಮ. ಹೆಸರು ಇನ್ನೂ ಸರಿಯಾಗಿ ಗೊತ್ತಾಯ್ತು. ನಿಮಗೆ ಆ ಔಷಧ ಬೇಕಾಗಿಲ್ಲ. ನಿಮ್ಮದು ಹರಡಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಮೇಣದ ತುಂಡು ಎಲ್ಲಿದೆ ಈಗ?" ಅಂದರು.

ಬ್ಲಾಕನ್ನು ಮೊದಲ ಲ್ಯಾಬಿಗೇ ವಾಪಸ್ ಕೊಟ್ಟಿದ್ದೆವು. ವರ್ಷಗಟ್ಟಲೆ ಜೋಪಾನ ಮಾಡುತ್ತಾರೆ. ಅದನ್ನೇ ಹೇಳಿದೆ.

ಕಳೆದ ವರ್ಷ ಅವರ ಐದು ವರ್ಷದ ಮಾತ್ರೆ ಮುಗಿಯಿತು. ಅವತ್ತು ಅವರ ಮನೆಗೆ ಹೋಗಿದ್ದೆ. ಫೋನಿನಲ್ಲಿ ಯಾರೋ ಗೆಳತಿಯ ಜೊತೆ ಮಾತಾಡುತ್ತಿದ್ದರು. ಗೆಳತಿಯ ಅಕ್ಕನಿಗೆ ಬಯಾಪ್ಸಿ ರಿಪೋರ್ಟ್ ಬಂದಿತ್ತಂತೆ. ಆ ಕಡೆಯಿಂದ ಅಳು ನನಗೂ ಕೇಳಿಸುತ್ತಿತ್ತು. ಚಿಕ್ಕಮ್ಮ ಸಮಾಧಾನ ಮಾಡಲು ಹೋಗಲಿಲ್ಲ. "ಯಾವ ಕ್ಯಾನ್ಸರ್ ಅಂತ ಕೇಳಿದ್ರಾ? ಇಆರ್ ಏನು ಬಂದಿದೆ? ಹರ್-2 ಎಷ್ಟು ಪ್ಲಸ್? ರಿಪೋರ್ಟ್ ಕೈಲಿ ಹಿಡ್ಕೊಂಡು ಓದಿ. ನಿಧಾನ. ನಾನು ಬರ್ಕೋತೀನಿ" ಅನ್ನುತ್ತಿದ್ದರು.

ಬರೆದುಕೊಳ್ಳಲು ಹಾಳೆ ಬೇಕಾಯಿತು. ತಮ್ಮದೇ ಆಸ್ಪತ್ರೆ ಫೈಲ್ ಎಳೆದುಕೊಂಡು ಹಿಂಬದಿಯ ಖಾಲಿ ಹಾಳೆ ಹುಡುಕಿದರು. ಫೈಲಿನ ಮೊದಲ ಪುಟ ನನ್ನ ಕಣ್ಣಿಗೆ ಬಿತ್ತು. ಹೆಸರು, ವಯಸ್ಸು, ರಕ್ತದ ಗುಂಪು. ಅದರ ಕೆಳಗೆ ಚಿಕ್ಕಮ್ಮನ ದುಂಡು ಅಕ್ಷರದಲ್ಲಿ ಬ್ಲಾಕಿನ ನಂಬರ್. ಕೊನೆಯ ಎರಡು ಅಂಕಿಗಳ ಕೆಳಗೆ ಎರಡು ಸಲ ಗೆರೆ ಎಳೆದಿದ್ದರು.